ಫೋನಿನಲ್ಲಿ ಕೇಳಿದ ಜಲಪಾತ

ಲ್ಯಾಮಿನೇಷನ್ ಮಾಡಿದ ಹಾಳೆಗೆ ಒಂದು ವಾಸನೆಯಿರುತ್ತದೆ, ಗಮನಿಸಿದ್ದೀರಾ? ಇಸ್ತ್ರಿಪೆಟ್ಟಿಗೆಗೆ ಟೆರಿಲಿನ್ ಅಂಗಿ ಅಂಟಿಕೊಂಡಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ. ಮೊನ್ನೆ ಬೆಳಿಗ್ಗೆ ಶಿವಮೊಗ್ಗದ ರವೀಂದ್ರನಗರದ ಜೆರಾಕ್ಸ್ ಅಂಗಡಿಯಿಂದ ಅಂಥದೊಂದು ಬೆಚ್ಚಗಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದೆ. ಮೇಲುಗಡೆ ದಪ್ಪ ಅಕ್ಷರದಲ್ಲಿ ‘ಜವಾಬ್ದಾರಿಯುತ ಪ್ರವಾಸ: ಹನ್ನೊಂದು ನಿಯಮಗಳು’ ಎಂದಿತ್ತು. ಮೊದಲನೆಯ ನಿಯಮ, ಪ್ಲಾಸ್ಟಿಕ್ ಬಳಸಬಾರದು. ನನ್ನ ಹೆಂಡತಿ ಹಾಳೆಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಟಕ್ ಟಕ್ ಎಂದು ಬಡಿದು, "ಇದನ್ನ ಯಾವುದರಲ್ಲಿ ಮಾಡಿದ್ದು?" ಎಂದು ಕೇಳಿದಳು. ನಾನು ಕನ್ನಡಕ ಒರೆಸಿಕೊಳ್ಳುವವನಂತೆ ಒಳಗೆ ಹೋದೆ.

ನಗಬೇಡಿ. ಆ ಹನ್ನೊಂದು ನಿಯಮಗಳ ಹಿಂದೆ ಎಂಟು ತಿಂಗಳ ಶ್ರಮವಿದೆ. ಶ್ರಮ ನಮ್ಮದು, ಅದರ ಬೆಲೆ ಕೊಟ್ಟವರು ಬೇರೆ. ಅದನ್ನೇ ಹೇಳಲು ಕೂತಿದ್ದೇನೆ.

ಮೊದಲು ನಿಮಗೆ ಅನ್ವರನ ಪರಿಚಯವಾಗಬೇಕು. ಅವನು ಭದ್ರಾವತಿಯ ಕಾಗದನಗರದವನು. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದರು. ಅನ್ವರ್ ಹುಟ್ಟಿದ್ದು, ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಕಾರ್ಖಾನೆ ನಿಂತ ಮೇಲೆ ಇವನು ಸ್ಟೀರಿಂಗ್ ಹಿಡಿದ. ಈಗ ಹದಿನಾಲ್ಕು ಸೀಟಿನ ವ್ಯಾನ್ ಇದೆ, ಜನರನ್ನು ಊರು ತೋರಿಸಲು ಕರೆದೊಯ್ಯುತ್ತಾನೆ. ನಮ್ಮ ಬೀದಿಯಲ್ಲಿ ಬೆಳಗಿನ ವಾಕಿಂಗ್ ಮಾಡುವ ನಿವೃತ್ತರು ಲೆಕ್ಕಕ್ಕೆ ಸರಿಯಾಗಿ ಹದಿನಾಲ್ಕು ಜನ. ಹಾಗಾಗಿ ಪ್ರತಿ ವರ್ಷ ದಸರಾ ರಜೆಯಲ್ಲಿ ನಾವು ಅವನ ವ್ಯಾನಿನಲ್ಲಿ ಒಂದು ಜಲಪಾತಕ್ಕೆ ಹೋಗುವುದು ರೂಢಿಯಾಗಿತ್ತು. ತೀರ್ಥಹಳ್ಳಿ ದಾರಿಯಲ್ಲಿ ಹೋಗಿ ಎಲ್ಲೋ ಒಳಗೆ ತಿರುಗಬೇಕು. ಅಷ್ಟು ಸಾಕು. ಹೆಸರು ಹೇಳಿದರೆ ನೀವು ಬರುವ ಭಾನುವಾರವೇ ಹೊರಟುಬಿಡುತ್ತೀರಿ.

ಅನ್ವರನದೊಂದು ವಿಚಿತ್ರ ಪದ್ಧತಿಯಿತ್ತು. ಜಲಪಾತದ ಟ್ರಿಪ್ಪನ್ನು ಅವನು ತಕ್ಷಣ ಒಪ್ಪಿಕೊಳ್ಳುತ್ತಿರಲಿಲ್ಲ. "ತಡೀರಿ ಸಾರ್, ಫಾಲ್ಸಿಗೆ ಒಂದ್ಸಲ ಫೋನ್ ಮಾಡಿ ಹೇಳ್ತೀನಿ" ಎನ್ನುತ್ತಿದ್ದ. ಮೊದಲ ಸಲ ನನ್ನನ್ನು ಗೇಲಿ ಮಾಡುತ್ತಿದ್ದಾನೆಂದುಕೊಂಡೆ. ಆಮೇಲೆ ತಿಳಿಯಿತು. ಜಲಪಾತದ ಪಕ್ಕದಲ್ಲೇ ಸರೋಜಮ್ಮ ಎಂಬ ಹೆಂಗಸಿನ ಚಹಾದಂಗಡಿಯಿದೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿಕೊಂಡು ಬಂದ ಅಂಗಡಿ. ಹಿಂದುಗಡೆಯೇ ಮನೆ, ಮನೆಯ ಪಕ್ಕ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಒಂದು ಹಸು. ಅನ್ವರ್ ಫೋನ್ ಮಾಡಿದರೆ ಆಕೆ ಅಂಗಡಿಯಿಂದ ಹೊರಗೆ ಬಂದು ಫೋನನ್ನು ನೀರಿನ ಕಡೆಗೆ ಎತ್ತಿ ಹಿಡಿಯುತ್ತಿದ್ದಳು. ಇವನು ಇಲ್ಲಿ ಸ್ಪೀಕರ್ ಹಾಕಿ, ಕಣ್ಣುಮುಚ್ಚಿ, ಡಾಕ್ಟರು ಎದೆ ಬಡಿತ ಕೇಳುವ ಹಾಗೆ ಕೇಳುತ್ತಿದ್ದ. "ಭರ್ತಿ ಇದೆ ಸಾರ್, ಹೊರಡೋಣ" ಎಂದರೆ ಹೊರಡುವುದು. "ಇನ್ನೂ ಸಣ್ಣಗಿದೆ, ಎಂಟು ದಿನ ಬಿಡಿ" ಎಂದರೆ ಎಂಟು ದಿನ ಬಿಡುವುದು. ಆರು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಇನ್ನು ನಮ್ಮ ಬಳಗದ ವಿಷಯ. ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ನೈರುತ್ಯ ಮಾರುತದ ಬಾಣಗಳನ್ನು ಎಳೆದಿದ್ದೇನೆ. ಬಾಣ ಎಳೆದರೆ ಮಳೆ ಬಂತೆಂದೇ ನನ್ನ ನಂಬಿಕೆ. ಇಂಥವನು ನಿವೃತ್ತನಾದ ಮೇಲೆ ಸುಮ್ಮನಿರುತ್ತಾನೆಯೇ? ಬಳಗಕ್ಕೆ ಪರಿಸರದ ಪಾಠ ಶುರುಮಾಡಿದೆ. ಪೇಪರ್ ತಟ್ಟೆ ಬೇಡ, ಪ್ಲಾಸ್ಟಿಕ್ ಲೋಟ ಬೇಡ ಎಂದು ಹದಿನಾಲ್ಕು ಸ್ಟೀಲ್ ತಟ್ಟೆ, ಹದಿನಾಲ್ಕು ಲೋಟ ತರಿಸಿ, ಹಿಂದೆ ಬಳಗದ ಹೆಸರು ಕೆತ್ತಿಸಿದೆ. ಮದುವೆ ಪಾತ್ರೆಗೆ ಹೆಸರು ಹಾಕಿಸುವ ಹಾಗೆ. ಆ ತಟ್ಟೆಗಳನ್ನು ಊರೆಲ್ಲ ತಿರುಗಿಸಿದ್ದೇವೆ. ಏಸಿ ಹಾಕಿದ ವ್ಯಾನಿನಲ್ಲಿ ಕಾಲು ಚಾಚಿ ಕೂತು, ಸ್ಟೀಲ್ ಲೋಟದಲ್ಲಿ ನೀರು ಕುಡಿದು, ಭೂಮಿಗೆ ಏನೋ ಉಪಕಾರ ಮಾಡಿದ ನೆಮ್ಮದಿಯಲ್ಲಿ ನಿದ್ದೆ ಹೋಗಿದ್ದೇವೆ.

ಆಚೆ ವರ್ಷದ ದಸರೆಯಲ್ಲಿ ಹೊಸ ಫೋನು ಕೊಂಡಿದ್ದೆ. ಹೊಸ ಫೋನು ಬಂದವನು ಎಲ್ಲವನ್ನೂ ರೆಕಾರ್ಡ್ ಮಾಡುತ್ತಾನೆ. ನಾನು ಜಲಪಾತದ ಮುಂದೆ ನಿಂತು ಅದರ ಸದ್ದನ್ನು ರೆಕಾರ್ಡ್ ಮಾಡಿದೆ. ಮಧ್ಯೆ ಯಾರೋ ಪ್ರವಾಸಿ ನೀರಿಗೆ ಬಾಟಲಿ ಎಸೆದ. ನನಗೆ ಸಿಟ್ಟು ನೆತ್ತಿಗೇರಿ ಅಲ್ಲೇ ಕೂಗಿಕೊಂಡೆ. ಅದೂ ಅದರಲ್ಲಿ ಸೇರಿಹೋಯಿತು. ಸಂಜೆ ಹೊರಡುವಾಗ, ‘ನಿಮ್ಮ ಫಾಲ್ಸಿನ ಹಾಡು’ ಎಂದು ಸರೋಜಮ್ಮನಿಗೆ ಅದನ್ನು ವಾಟ್ಸಪ್ಪಿನಲ್ಲಿ ಕಳಿಸಿದೆ. ಆಕೆ ಕೈಮುಗಿದ ಚಿತ್ರ ಕಳಿಸಿದಳು. ಅಲ್ಲಿಗೆ ಮರೆತೆ.

ಕಳೆದ ದಸರೆಗೆ ಬರೋಣ. ಆ ವರ್ಷ ಮಳೆ ಸರಿಯಾಗಿ ಬಂದಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಪೇಪರಿನಲ್ಲಿ ಓದಿದ್ದೆ, ವಾಕಿಂಗಿನಲ್ಲಿ ಚರ್ಚೆಯನ್ನೂ ಮಾಡಿದ್ದೆ. ಆದರೆ ಗೊತ್ತಿರುವುದಕ್ಕೂ ನಂಬುವುದಕ್ಕೂ ನಡುವೆ ಎಷ್ಟು ದೂರವಿರುತ್ತದೆ ನೋಡಿ. ಮನೆಯ ನಲ್ಲಿಯಲ್ಲಿ ನೀರು ಬರುತ್ತಿರುವವರೆಗೆ ಅದು ನನ್ನ ಪಾಲಿಗೆ ಸುದ್ದಿಯಷ್ಟೇ. ಅನ್ವರ್ ನಮ್ಮ ಗೇಟಿನ ಹತ್ತಿರ ನಿಂತು ಫೋನ್ ಮಾಡಿದ. ಸ್ಪೀಕರಿನಲ್ಲಿ ಭೋರೆಂದು ಸದ್ದು ಕೇಳಿಸಿತು. "ಬರಾಬರ್ ಇದೆ ಸಾರ್" ಎಂದ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು, ತಟ್ಟೆಗಳ ಗಂಟು ಏರಿಸಿಕೊಂಡು ಹೊರಟೆವು.

ಸೇತುವೆಯ ಮೇಲೆ ತುಂಗೆಯನ್ನು ನೋಡಿದಾಗ ಬಂಡೆಗಳೇ ಜಾಸ್ತಿ ಕಂಡವು. ನಮ್ಮ ಬಳಗದ ಶೇಷಾದ್ರಿ, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, "ಏನ್ರೀ ಮೇಷ್ಟ್ರೇ, ಅಕ್ಟೋಬರ್‌ನಲ್ಲಿ ಇದೆಂಥಾ ಬಿಸಿಲು! ಅನ್ವರ್, ಏಸಿ ಜಾಸ್ತಿ ಮಾಡಪ್ಪ" ಎಂದರು. ಏಸಿ ಜಾಸ್ತಿಯಾಯಿತು. ಅನುಮಾನ ತಣ್ಣಗಾಯಿತು.

ವ್ಯಾನ್ ನಿಂತಿತು, ಬಾಗಿಲು ತೆರೆಯಿತು. ನಾನು ಇಳಿದೆ. ಇಳಿದವನು ಹಾಗೇ ನಿಂತುಬಿಟ್ಟೆ. ಪ್ರತಿ ವರ್ಷ ಅಲ್ಲಿ ಇಳಿದ ಕೂಡಲೇ ಕೂಗಿ ಕೂಗಿ ಮಾತಾಡಬೇಕಿತ್ತು, ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಈಗ ನನ್ನ ಹಿಂದೆ ಇಳಿಯುತ್ತಿದ್ದ ಶೇಷಾದ್ರಿಯವರ ಮೊಣಕಾಲು ಲಟಕ್ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಯಾರೂ ನಗಲಿಲ್ಲ.

ಎದುರಿಗೆ ಕರೀ ಬಂಡೆ. ಅಷ್ಟೆತ್ತರದ ಬಂಡೆಯನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ, ನೋಡಿದ್ದು ಅದರ ಮೇಲಿನ ನೀರನ್ನು. ನೀರು ಹರಿದಿದ್ದ ಜಾಗದಲ್ಲಿ ಬಿಳಿ ಗೆರೆ ಉಳಿದಿತ್ತು. ಕೆಳಗಿನ ಗುಂಡಿ ಎಷ್ಟು ಆಳವೆಂದು ವರ್ಷ ವರ್ಷ ಬಾಜಿ ಕಟ್ಟುತ್ತಿದ್ದೆವು. ಅದರ ತಳದಲ್ಲಿ ಮಂಡಿಯುದ್ದದ ಹಸಿರು ನೀರು ನಿಂತಿತ್ತು. ಸುತ್ತಲೂ ಬಾಟಲಿಗಳು. ಚಪ್ಪಲಿಗಳು, ಒಂದು ಕಪ್ಪು ಕನ್ನಡಕ, ಚಿಪ್ಸಿನ ಪೊಟ್ಟಣಗಳು, ಮಕ್ಕಳ ಡೈಪರು. ಎಷ್ಟೋ ವರ್ಷಗಳಿಂದ ನಾವೆಲ್ಲ ‘ಎಂಥಾ ಸ್ವಚ್ಛ ಜಾಗ’ ಎಂದು ಹೊಗಳಿದ ಜಲಪಾತದ ಹೊಟ್ಟೆಯಲ್ಲಿ ಅದೆಲ್ಲ ಇತ್ತು. ನೀರು ಇಷ್ಟು ದಿನ ನಮ್ಮ ಮಾನ ಮುಚ್ಚಿತ್ತು. ನಿಜ ಹೇಳುತ್ತೇನೆ, ಸತ್ತವರ ಮನೆಗೆ ವಿಷಯ ಗೊತ್ತಿಲ್ಲದೆ ಸಿಹಿ ತೆಗೆದುಕೊಂಡು ಹೋದವನ ಹಾಗೆ ನಿಂತಿದ್ದೆ.

ಸರೋಜಮ್ಮ ಅಂಗಡಿಯ ಕಂಬ ಹಿಡಿದುಕೊಂಡು ನಿಂತಿದ್ದಳು.

"ಏನಮ್ಮಾ ಇದು? ಬೆಳಿಗ್ಗೆ ಫೋನಲ್ಲಿ ಕೇಳಿಸಿದ್ದು ಏನು?" ಶೇಷಾದ್ರಿ ಜೋರು ಮಾಡಿದರು.

ಆಕೆ ಸೆರಗಿನಿಂದ ಫೋನು ತೆಗೆದು, ಏನನ್ನೋ ಒತ್ತಿ, ಮೇಜಿನ ಮೇಲೆ ಇಟ್ಟಳು. ಭೋರ್ಗರೆತ ಶುರುವಾಯಿತು. ಒಣಬಂಡೆಯ ಮುಂದೆ, ಬಿಸ್ಕತ್ತಿನ ಡಬ್ಬಿಗಳ ನಡುವೆ, ಅಂಗೈಯಗಲದ ಫೋನಿನಿಂದ ಇಡೀ ಜಲಪಾತ ಸುರಿಯಿತು. ಅದರ ಮಧ್ಯದಿಂದ ಒಂದು ಗಂಡು ದನಿ ಅರಚಿತು: "ಯಾರ್ರೀ ಅದು ಬಾಟ್ಲಿ ಎಸೆದಿದ್ದು? ಬುದ್ಧಿ ಇಲ್ವಾ? ನಮ್ಮ ಮುಂದಿನವರಿಗೂ ಇದನ್ನ ಉಳಿಸಬೇಕು!"

ದನಿ ನನ್ನದು. ಹದಿಮೂರು ಜನ ತಿರುಗಿ ನನ್ನನ್ನು ನೋಡಿದರು.

"ಬೆಳಿಗ್ಗೆ ನಿಮ್ಮ ಮಾತು ಬರೋಕೆ ಮುಂಚೆ ನಿಲ್ಲಿಸ್ದೆ ಮೇಷ್ಟ್ರೇ" ಎಂದಳು ಸರೋಜಮ್ಮ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನೀರಿಲ್ಲ ಅಂದ್ರೆ ನೀವು ಬರ್ತಿದ್ರಾ ಮಾರಾಯ್ರೆ? ಹೋದ ವಾರ ಇಬ್ಬರಿಗೆ ನಿಜ ಹೇಳ್ದೆ, ಇಬ್ಬರೂ ಬರಲಿಲ್ಲ. ಒಲೆ ಹಚ್ಚಿ ಎಷ್ಟು ದಿನ ಆಯ್ತು ಗೊತ್ತಾ?"

ವಾಪಸ್ ಹೋಗೋಣ, ಇದು ಮೋಸ, ಎಂದು ಗುಸುಗುಸು ಶುರುವಾಯಿತು. ಆಗ ಅನ್ವರ್ ಮಾತಾಡಿದ. ವ್ಯಾನಿನಲ್ಲಿ ಎಂದೂ ಜಾಸ್ತಿ ಮಾತಾಡದವನು.

"ಸಾರ್, ನಮ್ಮ ಮಿಲ್ ನಿಂತಾಗ ನಮ್ಮಪ್ಪ ಏನ್ ಮಾಡಿದ್ರು ಗೊತ್ತಾ? ನೆಂಟರು ಬಂದ್ರೆ ರಜೆ ಮೇಲಿದೀನಿ ಅಂತಿದ್ರು. ಬೆಳಿಗ್ಗೆ ಎದ್ದು ಯೂನಿಫಾರಂ ಹಾಕ್ಕೊಂಡು ಗೇಟ್ ತನಕ ಹೋಗಿ ಬರೋರು. ಸೈರನ್ ನಾಳೆ ಕೂಗುತ್ತೆ, ನಾಡಿದ್ದು ಕೂಗುತ್ತೆ ಅಂತ. ಒಂದು ವರ್ಷ ಹಂಗೇ ಮಾಡಿದ್ರು. ಅವರನ್ನ ಮೋಸಗಾರ ಅಂತೀರಾ?"

ನಾವು ಅಲ್ಲೇ ಊಟಕ್ಕೆ ಕೂತೆವು. ಎಲ್ಲರೂ ಎರಡೆರಡು ಸಲ ಚಹಾ ಹೇಳಿದೆವು. ಪ್ರಾಯಶ್ಚಿತ್ತ ಅಷ್ಟು ಸುಲಭವಾಗಿ ಆಗುತ್ತದೆಂಬ ಭ್ರಮೆ.

ಈಗ ನಾನು ಮಾಡಿದ ಕೆಲಸ ಕೇಳಿ. ಪ್ರತಿ ವರ್ಷ ಊಟವಾದ ಮೇಲೆ ಜಲಪಾತದ ಹರಿಯುವ ನೀರಿನಲ್ಲಿ ತಟ್ಟೆ ತೊಳೆಯುವುದು ನಮ್ಮ ರೂಢಿ. ಈ ಸಲ ಹರಿಯುವ ನೀರಿಲ್ಲ. ಅಂಗಡಿಯ ಪಕ್ಕ ಒಂದು ನೀಲಿ ಡ್ರಮ್ಮಿತ್ತು, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಚೊಂಬು. ಸರೋಜಮ್ಮ ಹಸುವಿಗೆ ಹುಲ್ಲು ಹಾಕಲು ಹಿಂದೆ ಹೋಗಿದ್ದಳು. ಯಾರೂ ಯಾರನ್ನೂ ಕೇಳಲಿಲ್ಲ. ಮುಚ್ಚಳ ತೆಗೆದವನು ನಾನೇ. ಹದಿನಾಲ್ಕು ತಟ್ಟೆ, ಹದಿನಾಲ್ಕು ಲೋಟ, ಚಮಚ, ಪುಳಿಯೋಗರೆಯ ಡಬ್ಬಿ. "ಎಣ್ಣೆ ಜಿಡ್ಡು ಹೋಗ್ಲಿಲ್ಲ, ಇನ್ನೊಂದ್ಸಲ ತೊಳೀರಿ" ಎಂದು ಮೇಲ್ವಿಚಾರಣೆ ಮಾಡಿದವನೂ ನಾನೇ. ಮುಖ ತೊಳೆದರು, ಕಾಲು ತೊಳೆದರು. ಬಿಸಿಲಿಗೆ ಹಿತವಾಯಿತು.

ಸರೋಜಮ್ಮ ಬಂದಳು. ನೆಲ ಒದ್ದೆಯಾಗಿದ್ದನ್ನು ಮೊದಲು ನೋಡಿದಳು. ಆಮೇಲೆ ಡ್ರಮ್ಮಿನ ಒಳಗೆ ಬಗ್ಗಿದಳು. ಬಗ್ಗಿದವಳು ಸ್ವಲ್ಪ ಹೊತ್ತು ಏಳಲೇ ಇಲ್ಲ.

"ಟ್ಯಾಂಕರ್ ಬರೋದು ಗುರುವಾರ" ಎಂದಳು.

ಅಂದು ಸೋಮವಾರ.

"ಅಕ್ಟೋಬರಲ್ಲಿ ಟ್ಯಾಂಕರಾ?" ಎಂದೆ. ತೀರ್ಥಹಳ್ಳಿಯ ಆಸುಪಾಸಿನಲ್ಲಿ, ದಸರೆಯಲ್ಲಿ, ಟ್ಯಾಂಕರು! ನಾನು ಎಳೆದ ಯಾವ ನೀಲಿ ಬಾಣದಲ್ಲೂ ಇದು ಇರಲಿಲ್ಲ.

"ಬಾವಿ ಬತ್ತಿ ತಿಂಗಳಾಯ್ತು. ನನಗೂ ಹಸುಗೂ ಇದೇ ನೀರು ಮೇಷ್ಟ್ರೇ." ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾವು ತೊಳೆದು ಬಂಡೆಯ ಮೇಲೆ ಒಣಗಲು ಇಟ್ಟಿದ್ದ ತಟ್ಟೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ನಾಚಿಕೆಯಿಂದ ಸತ್ತೇಹೋದೆ.

ಅನ್ವರ್ ನಮ್ಮೆಲ್ಲರ ಬಾಟಲಿಗಳ ನೀರನ್ನು ಡ್ರಮ್ಮಿಗೆ ಸುರಿದ. ತಳವೂ ಮುಚ್ಚಲಿಲ್ಲ. ಆಮೇಲೆ ಖಾಲಿ ಕ್ಯಾನುಗಳನ್ನು ಹಾಕಿಕೊಂಡು ಪೇಟೆಯ ಕಡೆ ಹೊರಟ. ಅವನು ಬರುವವರೆಗೆ ನಾವು ಆ ಬಂಡೆಯ ಮುಂದೆ ಕೂತಿದ್ದೆವು. ಎಲ್ಲೋ ಹಿಮ ಕರಗುತ್ತಿದೆಯಂತೆ, ಎಲ್ಲೋ ದ್ವೀಪಗಳು ಮುಳುಗುತ್ತಿವೆಯಂತೆ, ಸಮುದ್ರದ ಹವಳ ಬೆಳ್ಳಗಾಗಿ ಸಾಯುತ್ತಿದೆಯಂತೆ, ಅವು ಹೋಗುವ ಮೊದಲು ನೋಡಿಬಿಡೋಣವೆಂದು ಜನ ವಿಮಾನ ಹತ್ತಿ ಓಡುತ್ತಿದ್ದಾರಂತೆ. ಹಿಂದೊಮ್ಮೆ ಪೇಪರಿನಲ್ಲಿ ಅದನ್ನು ಓದಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಕಾಯಿಲೆಯವರನ್ನು ನೋಡಲು ಹೋಗಿ ಅವರ ಗಂಜಿಯನ್ನೇ ಕುಡಿದು ಬರುವ ಜನ ಎಂದು ವಾಕಿಂಗಿನಲ್ಲಿ ಆಡಿಕೊಂಡಿದ್ದೆ. ಆ ಜನ ಎಲ್ಲೋ ಇದ್ದಾರೆಂದುಕೊಂಡಿದ್ದೆನಲ್ಲ! ಅವರು ರವೀಂದ್ರನಗರದಲ್ಲಿದ್ದರು. ಪುಳಿಯೋಗರೆ ಕಟ್ಟಿಕೊಂಡು ಬಂದಿದ್ದರು.

ಅನ್ವರ್ ತಂದ ನೀರು ಡ್ರಮ್ಮಿನ ಅರ್ಧಕ್ಕೆ ಬಂತು. ಹೊರಡುವ ಹೊತ್ತಿಗೆ ನನಗೆ ಎದೆ ತುಂಬಿ ಬಂದಿತ್ತು. ಎದೆ ತುಂಬಿದಾಗ ನಾನು ಭಾಷಣ ಮಾಡುತ್ತೇನೆ, ಅದು ವೃತ್ತಿಯಿಂದ ಬಂದ ರೋಗ.

"ಸರೋಜಮ್ಮ, ಫಾಲ್ಸ್ ಇರ್ಲಿ, ಇಲ್ದಿರ್ಲಿ, ಇನ್ಮೇಲೆ ನಾವು ಪ್ರತಿ ತಿಂಗಳೂ ಬರ್ತೀವಿ. ನಿಮ್ಮ ಅಂಗಡೀಲಿ ಊಟ ಮಾಡ್ತೀವಿ. ನೀರು ನಾವೇ ತರ್ತೀವಿ. ನೀವು ಎಲ್ಲೂ ಹೋಗ್ಬೇಡಿ."

"ಭದ್ರಾವತೀಲಿ ತಂಗಿ ಇದಾಳೆ, ಬಂದ್ಬಿಡು ಅಂತಿದಾಳೆ" ಎಂದಳು ಆಕೆ. ನನ್ನ ಮುಖವನ್ನೇ ನೋಡುತ್ತ ಒಂದು ಕ್ಷಣ ಯೋಚಿಸಿದಳು. "ನೀವು ಖಂಡಿತ ಬರ್ತೀರಿ ಅಂದ್ರೆ ಇರ್ತೀನಿ."

"ಖಂಡಿತ" ಎಂದೆ. ಬಳಗ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟಿದ್ದು ಯಾರಿಗೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಊರಿಗೆ ಬಂದ ಮರುದಿನವೇ ಸಭೆ ಸೇರಿದೆವು. ಹೋಗುವುದಾದರೆ ಸರಿಯಾದ ಕ್ರಮದಲ್ಲಿ ಹೋಗಬೇಕು, ಆದ ತಪ್ಪು ಮತ್ತೆ ಆಗಬಾರದು, ಅದಕ್ಕೆ ನಿಯಮಗಳು ಬೇಕು ಎಂದು ನಾನೇ ಸೂಚಿಸಿದೆ. ‘ಸುಸ್ಥಿರ ಪ್ರವಾಸ’ ಎನ್ನಬೇಕೋ ‘ಜವಾಬ್ದಾರಿಯುತ ಪ್ರವಾಸ’ ಎನ್ನಬೇಕೋ ಎಂಬುದರಲ್ಲಿ ದೀಪಾವಳಿ ಕಳೆಯಿತು. ಶೇಷಾದ್ರಿ ಕರಡು ತಂದರೆ ನಾನು ತಿದ್ದುತ್ತಿದ್ದೆ, ನಾನು ತಿದ್ದಿದ್ದನ್ನು ಅವರು ತಿದ್ದುತ್ತಿದ್ದರು. ನಾಲ್ಕು ಕ್ಯಾನ್ ನೀರಿಗಾಗಿ ಅಷ್ಟು ದೂರ ಡೀಸೆಲ್ ಸುಡುವುದು ಪರಿಸರಕ್ಕೆ ಹಾನಿಯಲ್ಲವೇ ಎಂದು ಒಬ್ಬರು ಎತ್ತಿದ ಪ್ರಶ್ನೆ ಸಂಕ್ರಾಂತಿಯವರೆಗೆ ನಡೆಯಿತು. ಹಾಗಾದರೆ ಸರ್ಕಾರಿ ಬಸ್ಸಿನಲ್ಲಿ ಹೋಗೋಣವೆಂದರೆ, ಬಸ್ಸಿಗೆ ಕ್ಯಾನ್ ಹತ್ತಿಸುತ್ತಾರೆಯೇ ಎಂದು ಮತ್ತೊಬ್ಬರು. ಶಿವರಾತ್ರಿ ಬಂತು. ಯುಗಾದಿ ಬಂತು. ನಡುವೆ ಎರಡು ಸಲ ಸರೋಜಮ್ಮನ ಫೋನು ಬಂದಿತ್ತು. ಎರಡು ಸಲವೂ, "ಎಲ್ಲಾ ತಯಾರಾಗ್ತಿದೆ, ಇನ್ನೇನು ಬಂದೇ ಬರ್ತೀವಿ" ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಕರಡು ನನ್ನ ಮುಂದೆಯೇ ಇತ್ತಲ್ಲ.

ಮೊನ್ನೆ ಆ ಹಾಳೆ ಕೈಗೆ ಬಂದ ಖುಷಿಯಲ್ಲಿ ಅನ್ವರನಿಗೆ ಫೋನ್ ಮಾಡಿದೆ. "ಎಲ್ಲಾ ರೆಡಿ ಅನ್ವರ್. ಈ ಭಾನುವಾರ ಹೊರಡೋಣ. ಸರೋಜಮ್ಮಂಗೆ ಹೇಳ್ಬಿಡು."

"ಸಾರ್, ಅವರು ಅಲ್ಲಿಲ್ಲ. ಯುಗಾದಿಗೆ ಮುಂಚೆನೇ ಭದ್ರಾವತಿಗೆ ಬಂದ್ರು. ಸಾಮಾನು ನನ್ನ ವ್ಯಾನಲ್ಲೇ ತಂದಿದ್ದು."

"ನನಗ್ಯಾಕೆ ಹೇಳ್ಲಿಲ್ಲ ಮಾರಾಯ?"

"ಹೇಳಿದ್ರೆ ಏನ್ ಮಾಡ್ತಿದ್ರಿ ಸಾರ್?" ಎಂದ. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು.

ನಿನ್ನೆ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಕಾಗದನಗರದ ದಾರಿಯಲ್ಲಿ ಬೀಗ ಹಾಕಿದ ಕ್ವಾರ್ಟರ್ಸಿನ ಸಾಲು ದಾಟಿದರೆ ಒಂದು ಮರ, ಮರದ ಕೆಳಗೆ ತಳ್ಳುಗಾಡಿ. ನೀರು ನಿಂತ ಊರಿನಿಂದ ಬಂದವಳು ಕೆಲಸ ನಿಂತ ಊರಿನಲ್ಲಿ ಚಹಾ ಮಾರುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಸ್ಟೂಲು ಒರೆಸಿ ಕೊಟ್ಟು, "ಕೂತ್ಕೊಳ್ಳಿ ಮೇಷ್ಟ್ರೇ, ಮನೇಲಿ ಅಮ್ಮಾವ್ರು ಚೆನ್ನಾಗಿದಾರಾ?" ಎಂದು ವಿಚಾರಿಸಿದಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬದಲಿಗೆ, "ಹಸು ಎಲ್ಲಿ ಕಟ್ಟಿದೀರಿ?" ಎಂದು ಕೇಳಿದೆ.

ಆಕೆ ಚಹಾ ಸೋಸುತ್ತಿದ್ದಳು. ಸೋಸುವುದನ್ನು ನಿಲ್ಲಿಸಲಿಲ್ಲ.

"ಸಂಕ್ರಾಂತಿ ಟೈಮಲ್ಲಿ ಒಬ್ಬರು ಕೊಡ್ತೀರಾ ಅಂತ ಬಂದಿದ್ರು. ಒಳ್ಳೇ ಜನ, ತೋಟದಲ್ಲಿ ನೀರಿತ್ತು ಅವರಿಗೆ. ಕೊಡ್ಲಿಲ್ಲ. ನೀವೆಲ್ಲ ಬರ್ತೀರಿ, ಹದಿನಾಲ್ಕು ಜನಕ್ಕೆ ಚಾಕ್ಕೆ ಹಾಲು ಬೇಕಲ್ಲ ಅಂತ ಇಟ್ಕೊಂಡೆ. ಶಿವರಾತ್ರಿ ಆದ್ಮೇಲೆ ಒಂದಿನ ಹಗ್ಗ ಬಿಚ್ಚಿಕೊಂಡು ಹೋಯ್ತು. ನೀರು ಹುಡುಕ್ಕೊಂಡು ಫಾಲ್ಸಿನ ಗುಂಡಿಗೆ ಇಳಿದಿದೆ. ಕಾಲು ಮುರೀತು. ಮೇಲೆ ಎತ್ತೋಕೆ ಆಗ್ಲಿಲ್ಲ ಮೇಷ್ಟ್ರೇ."

ಲೋಟ ನನ್ನ ಕೈಗೆ ಕೊಟ್ಟಳು. "ಪ್ಯಾಕೆಟ್ ಹಾಲು. ಅಲ್ಲಿನ ರುಚಿ ಬರಲ್ಲ, ಬೇಜಾರ್ ಮಾಡ್ಕೋಬೇಡಿ."

ಕುಡಿದೆ. ಕುಡಿಯದೆ ಇಟ್ಟರೆ ಆಕೆಗೆ ನೋವಾಗುತ್ತಿತ್ತು. ಶಿವಮೊಗ್ಗದ ಬಸ್ಸು ಬಂತು, ಎದ್ದೆ. "ಮತ್ತೆ ಬರ್ತೀನಿ ಸರೋಜಮ್ಮ" ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.